ಎಲ್ಲರೂ ನನ್ನ ಮುಖವನ್ನೇ ನೋಡ್ತಾರಾ?

ಇವತ್ತು ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಎಷ್ಟು ಸಲ ಕನ್ನಡಿ ನೋಡಿಕೊಂಡಿರಿ? ಒಂದು ಸಲ ತಲೆ ಬಾಚಲು, ಇನ್ನೊಂದು ಸಲ ಹಣೆಗೆ ಇಟ್ಟದ್ದು ನೆಟ್ಟಗಿದೆಯಾ ಅಂತ ನೋಡಲು. ಅಲ್ಲಿಗೆ ಮುಗಿದಿದ್ದರೆ ಸರಿ. ಆದರೆ ನಿಮ್ಮಲ್ಲಿ ಕೆಲವರು ಮೂರನೇ ಸಲ, ನಾಲ್ಕನೇ ಸಲ ಹೋಗಿ ಕೆನ್ನೆಯ ಮೇಲಿನ ಒಂದು ಮೊಡವೆಯನ್ನೋ, ಮೂಗಿನ ಆಕಾರವನ್ನೋ, ಮೈಬಣ್ಣವನ್ನೋ ನೋಡಿ ಬೇಜಾರು ಮಾಡಿಕೊಂಡು ಬಂದಿರುತ್ತೀರಿ. ಇದನ್ನು ಯಾರಿಗೂ ಹೇಳಿರುವುದಿಲ್ಲ. ಈ ಲೇಖನ ಅವರಿಗಾಗಿ. ಹಾಗೆಯೇ ಅವರ ಪಕ್ಕದಲ್ಲಿ ಕೂರುವ ನಿಮಗೂ.

ಮೊದಲು ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳು ನನ್ನ ತಂಗಿಯ ಮಗಳು. "ಹೆಸರು ಹಾಕಬೇಡ, ಮಿಕ್ಕಿದ್ದೆಲ್ಲ ಬರಿ ದೊಡ್ಡಮ್ಮ" ಅಂತ ಅವಳೇ ಹೇಳಿದ್ದಾಳೆ.

ನಿಲಕ್ಕೋಟ್ಟೈಯ ಹುಡುಗಿ

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ನಿಲಕ್ಕೋಟ್ಟೈ ಎಂಬ ಊರಿದೆ. ಅಲ್ಲಿನ ಹೂವಿನ ಮಾರುಕಟ್ಟೆ ಸುತ್ತಲ ಊರುಗಳಿಗೆಲ್ಲ ಹೆಸರುವಾಸಿ. ಮಧುರೈ ಮಲ್ಲಿಗೆ ಎಂದು ಹೆಸರಾದ ಮಲ್ಲಿಗೆ ಬೆಳೆಯುವ ಸೀಮೆಯದು. ಆ ಕಡೆ, ಹಾಗೆಯೇ ಪಕ್ಕದ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳಿವೆ. ಓದುವುದು ಬರೆಯುವುದು ತಮಿಳಿನಲ್ಲಿ, ಅಡುಗೆಮನೆಯಲ್ಲಿ ಕನ್ನಡ. ನನ್ನ ತಂಗಿಯನ್ನು ಕೊಟ್ಟಿರುವುದು ಅಂಥ ಒಂದು ಮನೆಗೆ.

ತಂಗಿಯ ಮಗಳು ಚಿಕ್ಕಂದಿನಲ್ಲಿ ಬಲು ಗಟ್ಟಿ. ಬೆಳಗಿನ ಜಾವ ಅಪ್ಪನ ಜೊತೆ ಮೊಗ್ಗಿನ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ, ದೊಡ್ಡವರ ಎದುರು ನಿಂತು ರೇಟು ಮಾತಾಡುತ್ತಿದ್ದವಳು. ಕಾಲೇಜು ಸೇರಿದ ವರ್ಷ ಅವಳ ಕೆನ್ನೆ, ಗದ್ದದ ಮೇಲೆಲ್ಲ ಮೊಡವೆ ಎದ್ದವು. ಯಾರೋ ಬಸ್ಸಿನಲ್ಲಿ ಏನೋ ಅಂದರಂತೆ. ಅಲ್ಲಿಂದ ಅವಳು ದುಪಟ್ಟಾವನ್ನು ಮುಖದ ಅರ್ಧಕ್ಕೆ ಸುತ್ತಿಕೊಳ್ಳತೊಡಗಿದಳು. ಕ್ಲಾಸಿನಲ್ಲಿ ಕೊನೇ ಬೆಂಚು. ಮಧ್ಯಾಹ್ನ ಎಲ್ಲರ ಜೊತೆ ಊಟ ಇಲ್ಲ. ಮದುವೆ ಮನೆಗೆ ಕರೆದರೆ ತಲೆನೋವು. ಎರಡನೇ ವರ್ಷ ಸೆಮಿನಾರ್ ಕೊಡಬೇಕಾದ ದಿನ ಕಾಲೇಜಿಗೇ ಹೋಗಲಿಲ್ಲ. ಆಂತರಿಕ ಅಂಕ ಹೋಯಿತು. ಓದಿನಲ್ಲಿ ಅವಳು ಹಿಂದಿರಲಿಲ್ಲ. ಎದ್ದು ನಿಂತರೆ ಎಲ್ಲರೂ ತನ್ನ ಮುಖವನ್ನೇ ನೋಡುತ್ತಾರೆ ಅನ್ನುವ ಭಯ, ಅಷ್ಟೆ.

ರಜೆಗೆ ನಮ್ಮ ಮನೆಗೆ ಬಂದಾಗ ಒಂದು ರಾತ್ರಿ ಕೇಳಿದಳು: "ದೊಡ್ಡಮ್ಮ, ನೀನು ಸೈನ್ಸ್ ಟೀಚರಲ್ವಾ, ಹೇಳು. ಎಲ್ಲರೂ ನನ್ನ ಮುಖವನ್ನೇ ನೋಡ್ತಾರಾ?"

"ಯಾರೂ ನೋಡಲ್ಲ, ಸುಮ್ನೆ ಮಲಗು" ಅನ್ನಬಹುದಿತ್ತು. ಆದರೆ ಅವಳು ಕೇಳಿದ್ದು ಸೈನ್ಸ್ ಟೀಚರನ್ನು. ಈ ಪ್ರಶ್ನೆಗೆ ವಿಜ್ಞಾನಿಗಳು ನಿಜವಾಗಿಯೂ ಪ್ರಯೋಗ ಮಾಡಿ ಉತ್ತರ ಹುಡುಕಿದ್ದಾರೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊಡವೆ ಯಾಕೆ ಬರುತ್ತೆ?

ಇದನ್ನು ಬೇಗ ಮುಗಿಸೋಣ, ಏಕೆಂದರೆ ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಮ್ಮ ಚರ್ಮದಲ್ಲಿ ಎಣ್ಣೆಯಂಥ ದ್ರವ ಸುರಿಸುವ ಸಣ್ಣ ಗ್ರಂಥಿಗಳಿವೆ. ಹರೆಯ ಬಂದಾಗ ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವು ಹುಡುಗರಲ್ಲೂ ಇವೆ, ಹುಡುಗಿಯರಲ್ಲೂ ಇವೆ. ಆಗ ಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸುತ್ತವೆ. ಸತ್ತ ಚರ್ಮದ ಕೋಶಗಳು ಆ ಎಣ್ಣೆಯೊಂದಿಗೆ ಸೇರಿ ರಂಧ್ರದ ಬಾಯಿಗೆ ಬಿರಡೆ ಹಾಕಿದಂತೆ ಕೂರುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು, ದೇಹದ ರಕ್ಷಣಾ ಪಡೆ ಅಲ್ಲಿಗೆ ಧಾವಿಸಿ, ಕೆಂಪಾಗಿ ಊದಿಕೊಳ್ಳುತ್ತದೆ. ಅದೇ ಮೊಡವೆ. ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆಗಳು ಕೊಳೆಯೂ ಅಲ್ಲ. ಬಿರಡೆಯಲ್ಲಿರುವ ಮೆಲನಿನ್ ಮತ್ತು ಗಾಳಿ ತಾಗಿದ ಕೊಬ್ಬು ಸೇರಿ ಕಪ್ಪಾಗಿ ಕಾಣುತ್ತದೆ. ಹಾಗಾಗಿ ದಿನಕ್ಕೆ ಹತ್ತು ಸಲ ಸೋಪು ಹಾಕಿ ಉಜ್ಜಿದರೆ ಪ್ರಯೋಜನವಿಲ್ಲ, ಚರ್ಮಕ್ಕೆ ಉರಿಯೇ ಹೆಚ್ಚು. ಚಿವುಟಿದರೆ ಕಲೆ ಉಳಿಯುತ್ತದೆ.

ಒಂದು ಲೆಕ್ಕ ನೆನಪಿಡಿ: 12ರಿಂದ 24 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ಮೊಡವೆ ಬರುತ್ತದೆ. ನಿಮ್ಮ ತರಗತಿಯಲ್ಲಿ ಮೊಡವೆ ಬಾರದವರೇ ಕಡಿಮೆ ಜನ.

ಅಂಗಿ ಪ್ರಯೋಗ

ಈಗ ತಂಗಿಯ ಮಗಳ ಪ್ರಶ್ನೆಗೆ ಬರೋಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಲು ಮಜವಾಗಿದೆ. ಒಬ್ಬ ಕಾಲೇಜು ವಿದ್ಯಾರ್ಥಿಗೆ, ಹಾಕಿಕೊಳ್ಳಲು ನಾಚಿಕೆಯಾಗುವಂಥ ಒಂದು ಟೀಶರ್ಟ್ ಕೊಟ್ಟರು. ಎದೆಯ ಮೇಲೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ದೊಡ್ಡ ಚಿತ್ರ. ಆಗಿನ ಹುಡುಗರಿಗೆ ಅದು ಹಳೇಕಾಲದ, ನಗೆಪಾಟಲಿನ ಅಂಗಿ. ಅದನ್ನು ತೊಟ್ಟು ಬೇರೆ ವಿದ್ಯಾರ್ಥಿಗಳು ಕುಳಿತಿದ್ದ ಕೋಣೆಗೆ ಹೋಗಬೇಕು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಕರೆದು ಕೇಳಿದರು: "ನಿನ್ನ ಅಂಗಿಯ ಮೇಲೆ ಯಾರ ಚಿತ್ರ ಇದೆ ಅಂತ ಒಳಗಿದ್ದವರಲ್ಲಿ ಎಷ್ಟು ಜನ ಗಮನಿಸಿರಬಹುದು?"

ಅಂಗಿ ತೊಟ್ಟವರ ಅಂದಾಜು, ಸುಮಾರು ಅರ್ಧದಷ್ಟು ಜನ. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲುಭಾಗ ಮಾತ್ರ!

ಇದಕ್ಕೆ ಅವರು ಇಟ್ಟ ಹೆಸರು 'ಸ್ಪಾಟ್‌ಲೈಟ್ ಪರಿಣಾಮ'. ನಾಟಕದ ವೇದಿಕೆಯಲ್ಲಿ ಒಬ್ಬ ಪಾತ್ರಧಾರಿಯ ಮೇಲೆ ಮಾತ್ರ ಬೆಳಕು ಬಿಡುತ್ತಾರಲ್ಲ, ಅಂಥ ಬೆಳಕು ಸದಾ ನಮ್ಮ ಮೇಲೇ ಬಿದ್ದಿದೆ ಅಂತ ನಮಗೆ ಅನ್ನಿಸುತ್ತದೆ. ಕಾರಣ ಸರಳ. ನನ್ನ ಮೊಡವೆಯನ್ನು ನಾನು ದಿನವಿಡೀ ಯೋಚಿಸುತ್ತೇನೆ, ಹಾಗಾಗಿ ಎಲ್ಲರೂ ಯೋಚಿಸುತ್ತಿದ್ದಾರೆ ಅಂದುಕೊಳ್ಳುತ್ತೇನೆ. ಆದರೆ ಪಕ್ಕದವಳು ಯೋಚಿಸುತ್ತಿರುವುದು ಅವಳ ಹಲ್ಲಿನ ಬಗ್ಗೆ. ಅದರಾಚೆಯವನು ಇನ್ನೂ ಮೂಡದ ಮೀಸೆಯ ಬಗ್ಗೆ.

ಇಲ್ಲದ ಗಾಯದ ಪ್ರಯೋಗ

"ಆದರೆ ದೊಡ್ಡಮ್ಮ, ಜನ ನನ್ನನ್ನ ದಿಟ್ಟಿಸಿ ನೋಡೋದನ್ನ ನಾನೇ ನೋಡಿದೀನಿ" ಅಂದಳು ಅವಳು. ಒಳ್ಳೆಯ ವಾದ. ಇದಕ್ಕೂ ಒಂದು ಪ್ರಯೋಗವಿದೆ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಾಬರ್ಟ್ ಕ್ಲೆಕ್ ಮತ್ತು ಆಂಜೆಲೋ ಸ್ಟ್ರೆಂಟಾ 1980ರಲ್ಲಿ ಇದನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಬಂದವರ ಮುಖದ ಮೇಲೆ ಬಣ್ಣದಿಂದ ದೊಡ್ಡ ಗಾಯದ ಕಲೆ ಬರೆದರು. ಕನ್ನಡಿಯಲ್ಲಿ ತೋರಿಸಿದರು. ಆಮೇಲೆ "ಕಲೆ ಬಿರುಕು ಬಿಡದಂತೆ ಸ್ವಲ್ಪ ಕ್ರೀಮು ಹಚ್ಚುತ್ತೇವೆ" ಅಂತ ಹೇಳಿ, ಅವರಿಗೆ ಗೊತ್ತಾಗದಂತೆ ಆ ಕಲೆಯನ್ನು ಪೂರ್ತಿ ಅಳಿಸಿಬಿಟ್ಟರು! ಹೀಗೆ ಮುಖದಲ್ಲಿ ಏನೂ ಇಲ್ಲದೆ, ಆದರೆ ಗಾಯವಿದೆ ಎಂದು ನಂಬಿಕೊಂಡು ಅವರು ಇನ್ನೊಬ್ಬರ ಜೊತೆ ಮಾತಾಡಲು ಹೋದರು.

ತಿರುಗಿ ಬಂದು ಅವರು ಹೇಳಿದ್ದೇನು? ಎದುರಿದ್ದವರು ತಮ್ಮ ಗಾಯದಿಂದ ಮುಜುಗರಪಟ್ಟರು, ಅವರ ನೋಟವೇ ಸರಿಯಿರಲಿಲ್ಲ, ಬಿಗಿಯಾಗಿದ್ದರು ಅಂತ. ಇಲ್ಲದ ಗಾಯಕ್ಕೆ ಇಷ್ಟು ಸಾಕ್ಷಿ ಸಿಕ್ಕಿತ್ತು. ಎದುರಿನವರು ಸಹಜವಾಗಿ ಕಣ್ಣು ಆಚೀಚೆ ಹೊರಳಿಸಿದ್ದನ್ನೂ, ಹಾಗೇ ನೋಡಿದ್ದನ್ನೂ ಇವರು ತಮ್ಮ ಗಾಯಕ್ಕೆ ಸೇರಿಸಿ ಓದಿಕೊಂಡಿದ್ದರು. ಮನಸ್ಸು ಒಂದು ಸಲ "ನನ್ನ ಮುಖ ಸರಿಯಿಲ್ಲ" ಅಂತ ತೀರ್ಮಾನ ಮಾಡಿದರೆ, ಆಮೇಲೆ ಕಂಡದ್ದನ್ನೆಲ್ಲ ಆ ತೀರ್ಮಾನಕ್ಕೆ ಸಾಕ್ಷಿ ಮಾಡಿಕೊಳ್ಳುತ್ತದೆ.

ಹಾಗಂತ ಹೀಯಾಳಿಸುವವರು ಇಲ್ಲವೇ ಇಲ್ಲ ಅಂತಲ್ಲ. ಇದ್ದಾರೆ. ಬಸ್ಸಿನಲ್ಲಿ ಅವಳಿಗೆ ಅಂದದ್ದು ನಿಜವೇ. ಆದರೆ ಒಬ್ಬ ಅಂದದ್ದನ್ನು ನಮ್ಮ ಮನಸ್ಸು ಐವತ್ತು ಜನರ ಬಾಯಿಗೆ ಹಾಕುತ್ತದೆ. ಮಿಕ್ಕ ನಲವತ್ತೊಂಬತ್ತು ಜನ ಏನೂ ಅಂದಿರುವುದಿಲ್ಲ.

ಕನ್ನಡಿಯೂ ಮೊಬೈಲೂ ಹೇಳುವ ಸುಳ್ಳು

ಫೋಟೋದಲ್ಲಿ ನೀವು ಚೆನ್ನಾಗಿ ಕಾಣುವುದಿಲ್ಲ ಅಂತ ನಿಮಗೆ ಅನ್ನಿಸುತ್ತದೆಯೇ? ಕನ್ನಡಿ ನಿಮ್ಮ ಎಡವನ್ನು ಬಲ ಮಾಡಿ ತೋರಿಸುತ್ತದೆ. ಯಾರ ಮುಖದ ಎರಡು ಬದಿಯೂ ತದ್ರೂಪು ಇರುವುದಿಲ್ಲ. ಹಾಗಾಗಿ ನೀವು ಹುಟ್ಟಿದಂದಿನಿಂದ ಕಂಡ ನಿಮ್ಮ ಮುಖವೂ, ಗೆಳೆಯರು ಕಂಡ ನಿಮ್ಮ ಮುಖವೂ ಒಂದೇ ಅಲ್ಲ. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ವಿದ್ಯಾರ್ಥಿನಿಯರ ಫೋಟೋ ತೆಗೆದು, ಒಂದನ್ನು ಇದ್ದ ಹಾಗೆ, ಇನ್ನೊಂದನ್ನು ಕನ್ನಡಿಯಲ್ಲಿ ಕಂಡ ಹಾಗೆ ಅಚ್ಚು ಹಾಕಿ ತೋರಿಸಿದರು. ಹೆಚ್ಚಿನವರು ಮೆಚ್ಚಿದ್ದು ಕನ್ನಡಿಯ ಮುಖವನ್ನು. ಅವರ ಸ್ನೇಹಿತರು ಮೆಚ್ಚಿದ್ದು ಇದ್ದ ಹಾಗಿನ ಮುಖವನ್ನು. ಅವರವರಿಗೆ ರೂಢಿಯಾದದ್ದೇ ಚೆಂದ. ಫೋಟೋದಲ್ಲಿ ನಿಮಗೆ "ಏನೋ ಸರಿಯಿಲ್ಲ" ಅನ್ನಿಸುವ ಮುಖವೇ ನಿಮ್ಮ ಗೆಳತಿಗೆ ಪರಿಚಯದ, ಇಷ್ಟದ ಮುಖ.

ಮೊಬೈಲ್ ಸೆಲ್ಫಿಯದು ಇನ್ನೂ ದೊಡ್ಡ ಮೋಸ. ಬನ್ನಿ, ಸಣ್ಣ ಲೆಕ್ಕ ಮಾಡೋಣ. ಮೂಗಿನ ತುದಿಯಿಂದ ಕಿವಿ ಸುಮಾರು 12 ಸೆಂ.ಮೀ ಹಿಂದಿದೆ ಎಂದಿಟ್ಟುಕೊಳ್ಳಿ. ಮೊಬೈಲು ಮೂಗಿನಿಂದ 30 ಸೆಂ.ಮೀ ದೂರದಲ್ಲಿದ್ದರೆ ಕಿವಿಗೆ 42 ಸೆಂ.ಮೀ. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಕಿವಿಗೆ ಹೋಲಿಸಿದರೆ ಮೂಗು 42 ಭಾಗಿಸು 30, ಅಂದರೆ 1.4 ಪಟ್ಟು ಹಿಗ್ಗಿ ಕಾಣುತ್ತದೆ. ಈಗ ಐದು ಅಡಿ, ಅಂದರೆ ಸುಮಾರು 150 ಸೆಂ.ಮೀ ದೂರದಿಂದ ಫೋಟೋ ತೆಗೆದರೆ? 162 ಭಾಗಿಸು 150, ಅಂದರೆ 1.08. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 2018ರಲ್ಲಿ ಅಮೆರಿಕದ ವೈದ್ಯರು ಇದೇ ಬಗೆಯ ಲೆಕ್ಕವನ್ನು ಇನ್ನೂ ನಿಖರವಾಗಿ ಮಾಡಿ, ಐದು ಅಡಿಯ ಫೋಟೋಗಿಂತ 12 ಇಂಚಿನ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ತೋರಿಸಿದರು. ಸೆಲ್ಫಿ ನೋಡಿ ಮೂಗಿನ ಬಗ್ಗೆ ಕೊರಗುವುದು, ಚಮಚದ ಬೆನ್ನಿನಲ್ಲಿ ಮುಖ ನೋಡಿ ಕೊರಗಿದ ಹಾಗೆ.

ಬಣ್ಣದ ಮಾತು, ಕ್ರೀಮಿನ ಅಪಾಯ

ನಮ್ಮಲ್ಲಿ ಮೊಡವೆಗಿಂತ ಹೆಚ್ಚು ನೋಯಿಸುವ ಮಾತು ಬಣ್ಣದ್ದು. ಬೆಳ್ಳಗಿನವರಿಗೂ ಕಪ್ಪಗಿನವರಿಗೂ ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ತಯಾರಿಸುವ ಮೆಲನಿನ್ ಕಣಗಳ ಗಾತ್ರ, ಪ್ರಮಾಣ, ಹಂಚಿಕೆಯಲ್ಲಿ ಮಾತ್ರ ವ್ಯತ್ಯಾಸ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೋಶದ ಡಿಎನ್ಎಯನ್ನು ಕಾಯುವ ಕೊಡೆ ಅದು. ಬಿಸಿಲಿನ ಸೀಮೆಯಲ್ಲಿ ಹುಟ್ಟಿದವರಿಗೆ ದೇಹ ಒಳ್ಳೆಯ ಕೊಡೆಯನ್ನೇ ಕೊಟ್ಟಿದೆ.

ಆದರೂ ಬೆಳ್ಳಗೆ ಮಾಡುವ ಮಾತು ನಿಂತಿಲ್ಲ. ನಮ್ಮ ದೇಶದಲ್ಲಿ 1975ರಿಂದ 'ಫೇರ್ ಅಂಡ್ ಲವ್ಲಿ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕ್ರೀಮು 2020ರಲ್ಲಿ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆಯಿತು. ಚೆನ್ನೈನ ಒಂದು ಸಂಸ್ಥೆ 2009ರಲ್ಲಿ 'ಡಾರ್ಕ್ ಈಸ್ ಬ್ಯೂಟಿಫುಲ್' ಎಂಬ ಆಂದೋಲನ ಶುರು ಮಾಡಿತು. ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. ಮಾತು ನಿಧಾನವಾಗಿ ಬದಲಾಗುತ್ತಿದೆ.

ಈಗ ಎಚ್ಚರಿಕೆಯ ವಿಷಯ. ನನ್ನ ತಂಗಿಯ ಮಗಳು ಯಾರೋ ಹೇಳಿದರೆಂದು ಅಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚಿಕೊಂಡಿದ್ದಳು. ಮೊದಲು ಮುಖ ತಿಳಿಯಾದಂತೆ ಕಂಡಿತು. ಬಿಟ್ಟ ಕೂಡಲೇ ಕೆಂಪು, ಉರಿ, ಮೊದಲಿಗಿಂತ ಹೆಚ್ಚು ಮೊಡವೆ. ಸರಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರು ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರ ಓದಿ ತೋರಿಸಿದರು: ಬೀಟಾಮೆಥಸೋನ್. ಅದು ಸ್ಟಿರಾಯ್ಡ್. ಕೆಲವು ಚರ್ಮದ ಕಾಯಿಲೆಗೆ ವೈದ್ಯರ ಸಲಹೆಯಂತೆ ಕೆಲವೇ ದಿನ ಹಚ್ಚುವ ಔಷಧಿ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತವೆ, ಕೂದಲು ಬೆಳೆಯಬಹುದು. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಇನ್ನೂ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆ ಬಂದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದೇ ಬಗೆಯ ಕಾಯಿಲೆ. ಆ 15ರಲ್ಲಿ 13 ಮಂದಿ ಕಾಯಿಲೆ ಬರುವ ಮುಂಚೆ ಬಿಳುಪಿನ ಕ್ರೀಮು ಹಚ್ಚಿದ್ದವರು! ಮುಖಕ್ಕೆ ಹಚ್ಚಿದ್ದು ಚರ್ಮದಲ್ಲೇ ಉಳಿಯುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ. ಮೊಡವೆಗೆ ಒಳ್ಳೆಯ ಚಿಕಿತ್ಸೆ ಇದೆ. ಆದರೆ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. "ಏಳೇ ದಿನದಲ್ಲಿ" ಅಂದವರನ್ನು ನಂಬಬೇಡಿ.

ಭಯ ಯಾಕೆ ಬೆಳೆಯುತ್ತೆ?

ನಾಲ್ಕು ಜನರ ಮುಂದೆ ನಿಂತಾಗ ಎದೆ ಡವಡವ ಅನ್ನುವುದು, ಕೈ ಬೆವರುವುದು, ಮುಖ ಕೆಂಪೇರುವುದು ಎಲ್ಲರಿಗೂ ಇದ್ದದ್ದೇ. ಮಿದುಳಿನ ಅಮಿಗ್ಡಾಲ ಎಂಬ ಭಾಗ ಅಪಾಯದ ಗಂಟೆ ಬಾರಿಸುತ್ತದೆ, ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಹುಲಿ ಬಂದರೂ ಅದೇ ಗಂಟೆ, ಸೆಮಿನಾರ್ ಬಂದರೂ ಅದೇ ಗಂಟೆ. ನಾವು ಆ ಜಾಗ ಬಿಟ್ಟು ಓಡಿದ ಕೂಡಲೇ ಗಂಟೆ ನಿಲ್ಲುತ್ತದೆ, ಹಾಯೆನಿಸುತ್ತದೆ. ಅಪಾಯ ಇರುವುದೇ ಅಲ್ಲಿ. "ಓಡಿದ್ದರಿಂದ ಬದುಕಿದೆ" ಅಂತ ಮಿದುಳು ಪಾಠ ಕಲಿಯುತ್ತದೆ. ಮುಂದಿನ ಸಲ ಗಂಟೆ ಇನ್ನೂ ಜೋರು. ಮೊದಲು ಸೆಮಿನಾರ್ ತಪ್ಪಿತು, ಆಮೇಲೆ ಗೆಳತಿಯರ ಜೊತೆಗಿನ ಊಟ, ಆಮೇಲೆ ಮದುವೆ ಮನೆ. ಮೊಡವೆ ಕೆನ್ನೆಯಷ್ಟೇ ಜಾಗ ಹಿಡಿದಿತ್ತು. ಭಯ ಅವಳ ಇಡೀ ದಿನವನ್ನು ಹಿಡಿದಿತ್ತು.

ಇದು ತಿಂಗಳುಗಟ್ಟಲೆ ಮುಂದುವರಿದು ಓದು, ಗೆಳೆತನ ಎಲ್ಲ ಕೆಡಿಸಿದರೆ ವೈದ್ಯರು ಇದನ್ನು ಸಾಮಾಜಿಕ ಆತಂಕದ ಕಾಯಿಲೆ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಶುರುವಾಗುವುದು ನಿಮ್ಮ ವಯಸ್ಸಿನಲ್ಲೇ. ಬೇರೆಯವರ ಕಣ್ಣಿಗೆ ಬೀಳದಷ್ಟು ಚಿಕ್ಕ ಕೊರತೆಯನ್ನೇ ದಿನಕ್ಕೆ ಗಂಟೆಗಟ್ಟಲೆ ಯೋಚಿಸುತ್ತ, ಕನ್ನಡಿ ಬಿಟ್ಟು ಏಳಲಾಗದ ಇನ್ನೊಂದು ಸ್ಥಿತಿಯೂ ಇದೆ. ಅದರ ಹೆಸರು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್. ಎರಡಕ್ಕೂ ಚಿಕಿತ್ಸೆ ಇದೆ. ಎರಡೂ ಜಂಬವಲ್ಲ, ಸೋಮಾರಿತನವೂ ಅಲ್ಲ.

ಮೆಟ್ಟಿಲು ಮೆಟ್ಟಿಲಾಗಿ

ಓಡುವುದರಿಂದ ಭಯ ಬೆಳೆಯುವುದಾದರೆ, ಸ್ವಲ್ಪ ಸ್ವಲ್ಪವೇ ನಿಲ್ಲುವುದರಿಂದ ಅದು ಕುಗ್ಗುತ್ತದೆ. ಆ ರಾತ್ರಿ ನಾವಿಬ್ಬರೂ ನೋಟ್‌ಬುಕ್ಕಿನಲ್ಲಿ ಒಂದು ಏಣಿ ಬರೆದೆವು. ಕೆಳಗಿನ ಮೆಟ್ಟಿಲು: ಬಸ್ಸಿನಲ್ಲಿ ಒಂದು ನಿಲ್ದಾಣದವರೆಗೆ ದುಪಟ್ಟಾ ಮುಖದಿಂದ ಕೆಳಗಿಳಿಸುವುದು. ಎರಡನೆಯದು: ಊಟಕ್ಕೆ ಒಬ್ಬ ಗೆಳತಿಯ ಜೊತೆ ಕೂರುವುದು. ಮೂರು: ಮಧ್ಯದ ಬೆಂಚು. ನಾಲ್ಕು: ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳುವುದು. ಕೊನೆಯದು: ಸೆಮಿನಾರ್. ಒಂದು ಮೆಟ್ಟಿಲಲ್ಲಿ ಭಯ ಇಳಿಯುವವರೆಗೆ ಮೇಲಿನದಕ್ಕೆ ಹೋಗಬಾರದು. ಒಂದು ದಿನ ಜಾರಿದರೆ ಮರುದಿನ ಅದೇ ಮೆಟ್ಟಿಲು.

ಒಂದು ಮಾತು ಅವಳಿಗೆ ಬಹಳ ಧೈರ್ಯ ಕೊಟ್ಟಿತು. ಸಾವಿಟ್ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಾಷಣ ಮಾಡುವವರಿಗೆ ಮುಂಚೆಯೇ "ನಿಮ್ಮ ಒಳಗಿನ ನಡುಕ ನೀವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ" ಎಂದು ತಿಳಿಸಿದರು. ಇದು ಗೊತ್ತಿದ್ದವರು ಗೊತ್ತಿಲ್ಲದವರಿಗಿಂತ ಚೆನ್ನಾಗಿ ಮಾತಾಡಿದರು. ಬರೀ ತಿಳಿವಳಿಕೆಯಿಂದಲೇ! ಕನ್ನಡ ಶಾಲೆಯಿಂದ ಮುಂದೆ ಬೇರೆ ಭಾಷೆಯ ಕಾಲೇಜಿಗೆ ಹೋಗುವ ನಿಮಗೆ ಇದು ಬೇಕಾಗುತ್ತದೆ. ಮುಖದ ಭಯದ ಜೊತೆ ಮಾತಿನ ಭಯವೂ ಸೇರುವ ಜಾಗ ಅದು.

ನಾಲ್ಕು ತಿಂಗಳ ಮೇಲೆ ಫೋನ್ ಬಂತು. "ದೊಡ್ಡಮ್ಮ, ಸೆಮಿನಾರ್ ಕೊಟ್ಟೆ!" ಕೊಯ್ದ ಮಲ್ಲಿಗೆ ಬೇಗ ಬಾಡುವುದು ಯಾಕೆ ಅನ್ನುವುದೇ ವಿಷಯ. ಮುಗಿದ ಮೇಲೆ ಗೆಳತಿಯನ್ನು ಕೇಳಿದಳಂತೆ, "ನನ್ನ ಮುಖ ಹೇಗೆ ಕಾಣ್ತಿತ್ತು?" ಗೆಳತಿ ಅಂದದ್ದು: "ಮುಖಾನಾ? ಎರಡನೇ ಚಾರ್ಟ್ ತಲೆಕೆಳಗಾಗಿ ಹಿಡಿದಿದ್ದೆ ಕಣೇ, ನಾನು ಅದನ್ನೇ ನೋಡ್ತಿದ್ದೆ."

ಮೊಡವೆ? ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ. ಅವು ಇರುವಾಗಲೇ ಅವಳು ಎದ್ದು ನಿಂತಳು.

ತರಗತಿಯಲ್ಲಿ ಮಾಡಿ ನೋಡಿ

ಒಂದು ದಿನ ಎರಡು ಕಾಲಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗಿ. ಮುಂಚಿತವಾಗಿ ನಿಮ್ಮ ಟೀಚರಿಗೆ ಮಾತ್ರ ಹೇಳಿರಿ. ಎಷ್ಟು ಜನ ಗಮನಿಸುತ್ತಾರೆ ಎಂಬ ಅಂದಾಜನ್ನು ಬೆಳಗ್ಗೆಯೇ ಚೀಟಿಯಲ್ಲಿ ಬರೆದಿಡಿ. ಸಂಜೆ ಟೀಚರು ಎಲ್ಲರನ್ನೂ ಕೇಳಲಿ. ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಿ.

ಕೊನೆಯದಾಗಿ ಎರಡು ಮಾತು. ಗೆಳೆಯನನ್ನು "ಕರಿಯ", "ಮೊಡವೆ", "ಹಲ್ಲ" ಅಂತ ತಮಾಷೆಗೆ ಕರೆಯುವವರು ನಿಮ್ಮಲ್ಲಿದ್ದೀರಿ. ನಿಮಗೆ ಅದು ಒಂದು ಕ್ಷಣದ ನಗು. ಅವನು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಕನ್ನಡಿಯ ಮುಂದೆ ನಿಲ್ಲುತ್ತಾನೆ. ಇಂದೇ ನಿಲ್ಲಿಸಿ.

ಇನ್ನು, ಭಯದಿಂದ ಶಾಲೆ ತಪ್ಪಿಸುತ್ತಿದ್ದೀರಾದರೆ, ಕನ್ನಡಿಯ ಮುಂದೆ ಗಂಟೆಗಟ್ಟಲೆ ಕಳೆಯುತ್ತಿದ್ದೀರಾದರೆ, ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಇಟ್ಟುಕೊಳ್ಳಬೇಡಿ. ಅಮ್ಮನಿಗೋ, ಅಪ್ಪನಿಗೋ, ನಿಮಗೆ ಇಷ್ಟವಾದ ಟೀಚರಿಗೋ ಹೇಳಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ನಿಮ್ಮ ಮುಖ ಯಾರಿಗೂ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಶುರು ಮಾಡಲು ಅದೂ ಒಂದು ಒಳ್ಳೆಯ ಮೆಟ್ಟಿಲು.